ಷಡ್ಡಕನ ಸ್ಟೆತಸ್ಕೋಪು

ಹಳೆಯ ಧಾರಾವಾಹಿಗಳಲ್ಲಿ ತಪ್ಪುಗಳು ಇರುವುದು ಹೊಸ ಮಾತೇನಲ್ಲ. ಸೊಸೆ ಅಡುಗೆಮನೆಗೆ ಹೋಗುವಾಗ ಕೆಂಪು ಬಳೆ ತೊಟ್ಟಿರುತ್ತಾಳೆ, ಹೊರಗೆ ಬರುವಾಗ ಹಸಿರು. ಎಲ್ಲರೂ ನೋಡಿ ನಕ್ಕು ಮರೆತುಬಿಡುತ್ತಾರೆ. ನಾನು ಮರೆಯುವುದಿಲ್ಲ, ಯಾಕೆಂದರೆ ನಾನು ಧಾರಾವಾಹಿ ನೋಡುವುದೇ ತಪ್ಪು ಹುಡುಕಲಿಕ್ಕೆ. ಅದೂ ಒಂದೇ ಧಾರಾವಾಹಿ, ಒಬ್ಬನೇ ನಟ. ಆ ನಟ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ.

ನನ್ನದು ಕುಷ್ಟಗಿಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಔಷಧಿ ಅಂಗಡಿ. ಡಿ.ಫಾರ್ಮಾ ಓದಿ ಪಾಸಾಗಿ ಹಾಕಿದ ಅಂಗಡಿ. ಷಡ್ಡಕ ಪಿಯುಸಿ ಸೈನ್ಸಿನಲ್ಲಿ ಕಪ್ಪೆ ಕೊಯ್ಯುವ ದಿನ ಹೆದರಿ ಆರ್ಟ್ಸಿಗೆ ಓಡಿದವನು. ಆಮೇಲೆ ನಾಟಕ ಅಂದ, ಬೆಂಗಳೂರು ಅಂದ, ಕೊನೆಗೆ ಒಂದು ಧಾರಾವಾಹಿಯಲ್ಲಿ ಡಾಕ್ಟರ್ ಪಾತ್ರ ಹಿಡಿದ. ಧಾರಾವಾಹಿ ಮುಗಿದು ಎಷ್ಟೋ ವರ್ಷ ಆಯಿತು, ಪಾತ್ರ ಮಾತ್ರ ಮುಗಿದಿಲ್ಲ. ಯಲಬುರ್ಗಾದ ನಮ್ಮ ಅತ್ತೆಯ ಮನೆಯಲ್ಲಿ ಅವನು ಇಂದಿಗೂ ‘ಡಾಕ್ಟರ್ ಅಳಿಯಾರು’. ನಾನು ಬರೀ ‘ಸಣ್ಣ ಅಳಿಯಾರು’.

ಅತ್ತೆಗೆ ಮೊಣಕಾಲು ನೋವು ಬಂದರೆ ಫೋನು ಹೋಗುವುದು ಅವನಿಗೆ. ಪಕ್ಕದಲ್ಲೇ ಕೂತ ನಾನು ಒಂದು ಗುಳಿಗೆ ಹೇಳಿದರೆ, “ಇರ್ರಿ, ಡಾಕ್ಟರ್ ಅಳಿಯಾರ್ನ ಒಂದ್ ಮಾತ ಕೇಳೂಣು” ಅನ್ನುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ. ಉರಿ ಆರಿಸುವ ಔಷಧಿ ನನ್ನ ಅಂಗಡಿಯಲ್ಲೇ ಇದೆ, ಕುಡಿದೂ ನೋಡಿದೆ, ಇದಕ್ಕೆ ಅದು ನಾಟುವುದಿಲ್ಲ.

ನನ್ನ ಆಸೆ ಏನೂ ದೊಡ್ಡದಲ್ಲ. ಅತ್ತೆ ಒಂದೇ ಒಂದು ಸಲ ಅವನನ್ನು ಕೇಳದೆ, ನನ್ನ ಮಾತಿನ ಮೇಲೆ ಒಂದು ಗುಳಿಗೆ ನುಂಗಬೇಕು. ಅದಕ್ಕೆ ಮೊದಲು ಅವನು ಡಾಕ್ಟರಲ್ಲ ಅನ್ನುವುದು ಅವರ ತಲೆಗೆ ಹೋಗಬೇಕು. ಈಗ ಆ ಧಾರಾವಾಹಿಯ ಕಂತುಗಳನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಅತ್ತೆ ಹೊಸ ಟಿವಿಯಲ್ಲಿ ಮೊದಲಿನಿಂದ ನೋಡಲು ಶುರು ಮಾಡಿದ್ದಾರೆ. ನನಗೂ ಅದೇ ಬೇಕಾಗಿತ್ತು. ಈಗ ತಪ್ಪು ಬಂದ ಜಾಗದಲ್ಲಿ ನಿಲ್ಲಿಸಿ ತೋರಿಸಬಹುದು.

ಕಿವಿಗೆ ಹಾಕದ ನಳಿಗೆ

ಮೊದಲ ತಪ್ಪು ಸಿಕ್ಕಿದ್ದು ಒಂದು ಭಾನುವಾರ. ಅತ್ತೆ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತ ಟಿವಿ ನೋಡುತ್ತಿದ್ದರು. ಪರದೆಯ ಮೇಲೆ ಷಡ್ಡಕ ಬಿಳಿ ಕೋಟು ಹಾಕಿ, ಒಬ್ಬ ಮುದುಕನ ಎದೆಯ ಮೇಲೆ ಸ್ಟೆತಸ್ಕೋಪು ಇಟ್ಟು, ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದ. ಮುಖದಲ್ಲಿ ಅದೆಂಥ ಗಾಂಭೀರ್ಯ! ಆದರೆ ಸ್ಟೆತಸ್ಕೋಪಿನ ಮೇಲಿನ ತುದಿಗಳು ಕಿವಿಯಲ್ಲಿ ಇರಲಿಲ್ಲ, ಕೊರಳಲ್ಲಿ ಜೋತಾಡುತ್ತಿದ್ದವು.

ನಾನು ರಿಮೋಟ್ ಕಸಿದುಕೊಂಡು ನಿಲ್ಲಿಸಿದೆ. ಎದ್ದು ಹೋಗಿ ಟಿವಿಯ ಮೇಲೆ ಬೆರಳಿಟ್ಟು ತೋರಿಸಿದೆ. “ಅತ್ತಿ, ಇಲ್ಲಿ ನೋಡ್ರಿ! ಕಿವಿಗೆ ಹಾಕ್ಕೊಂಡೇ ಇಲ್ಲ! ಏನ್ ಕೇಳಸ್ತೈತಿ ಇವರಿಗೆ?”

ಅತ್ತೆ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ನನಗೆ ಗೆದ್ದಷ್ಟು ಖುಷಿ ಆಯಿತು. ಆಮೇಲೆ ಅವರು ಮತ್ತೆ ಶೇಂಗಾಕ್ಕೆ ಕೈ ಹಾಕಿ, “ಅವರಿಗೆ ಕಿವಿಗೆ ಹಾಕ್ಕೊಳ್ಳದನ ಕೇಳಸ್ತೈತ್ರಿ. ನಿಮಗ ಚಷ್ಮಾ ಹಾಕ್ಕೊಂಡ್ರೂ ಔಷಧಿ ಚೀಟಿ ಓದಾಕ ಬರಂಗಿಲ್ಲ” ಅಂದರು.

ಎಡಗಾಲು, ಬಲಗಾಲು

ಎರಡನೆಯದು ಇನ್ನೂ ದೊಡ್ಡ ತಪ್ಪು. ಕಥೆಯ ನಾಯಕ ಮೋಟರ್ ಸೈಕಲ್ಲಿನಿಂದ ಬಿದ್ದು ಬಲಗಾಲು ಮುರಿದುಕೊಳ್ಳುತ್ತಾನೆ. ನಮ್ಮ ಷಡ್ಡಕ ಡಾಕ್ಟರು ಪ್ಲಾಸ್ಟರ್ ಹಾಕುತ್ತಾರೆ. ಮರುದಿನದ ಕಂತಿನಲ್ಲಿ ಪ್ಲಾಸ್ಟರ್ ಎಡಗಾಲಿನಲ್ಲಿದೆ! ಬಲಗಾಲು ಆರಾಮಾಗಿ ಚಪ್ಪಲಿ ಹಾಕಿಕೊಂಡು ಕೂತಿದೆ.

ಈ ಸಲ ನಾನು ಅವಸರ ಮಾಡಲಿಲ್ಲ. ಎರಡೂ ದೃಶ್ಯಗಳ ಫೋಟೋ ತೆಗೆದು, ಎರಡು ಮೊಬೈಲುಗಳಲ್ಲಿ ಹಿಡಿದು, ಅತ್ತೆಯ ಮುಂದೆ ಇಟ್ಟೆ. “ನಿನ್ನೆ ಈ ಕಾಲು, ಇವತ್ತು ಈ ಕಾಲು. ಇಂಥಾ ಡಾಕ್ಟರ್ ಇದ್ರ ಪೇಶಂಟ್ ಗತಿ ಏನ್ರಿ?”

ಅತ್ತೆ ಎರಡೂ ಮೊಬೈಲು ನೋಡಿದರು. ಅವರ ಕಣ್ಣಲ್ಲಿ ನೀರು ಬಂದಂತೆ ಕಂಡಿತು. “ಒಂದ ರಾತ್ರ್ಯಾಗ ಬಲಗಾಲು ಆರಾಮ್ ಮಾಡ್ಯಾರಲ್ರಿ! ಇನ್ನ ಎಡಗಾಲು ಒಂದ ಉಳದೈತಿ.”

ಕೋಮಾದಾಕೆಯ ಮಲ್ಲಿಗೆ

ಅತ್ತೆಯ ಹತ್ತಿರ ಆಗದಿದ್ದರೆ ಹೆಂಡತಿಯನ್ನಾದರೂ ನನ್ನ ಕಡೆ ಮಾಡಿಕೊಳ್ಳೋಣ ಅಂದುಕೊಂಡೆ. ಅವಳೂ ಭಾವ ಬಂದರೆ ತುಪ್ಪ ಜಾಸ್ತಿ ಹಾಕುತ್ತಾಳೆ, ಅದನ್ನೂ ನಾನು ನೋಡಿದ್ದೇನೆ.

ಧಾರಾವಾಹಿಯ ನಾಯಕಿ ಕೋಮಾಕ್ಕೆ ಹೋಗಿ ತಿಂಗಳುಗಟ್ಟಲೆ ಷಡ್ಡಕನ ಆಸ್ಪತ್ರೆಯಲ್ಲಿ ಮಲಗಿರುತ್ತಾಳೆ. ಕಣ್ಣು ಬಿಟ್ಟಿಲ್ಲ, ಬೆರಳು ಆಡಿಸಿಲ್ಲ. ಆದರೆ ತುಟಿಗೆ ಬಣ್ಣ, ಮೈಮೇಲೆ ರೇಷ್ಮೆ ಸೀರೆ, ಜಡೆಯಲ್ಲಿ ಆಗಷ್ಟೇ ಬಿರಿದ ಮಲ್ಲಿಗೆ. ಸೀರೆಯೂ ದಿನಾ ಬೇರೆ ಬೇರೆ. ನಾನು ಬಿದ್ದು ಬಿದ್ದು ನಗುತ್ತ ಹೆಂಡತಿಯನ್ನು ಕರೆದೆ. “ನೋಡ ಇಲ್ಲಿ, ನಿಮ್ಮ ಭಾವನ ದವಾಖಾನಿ! ಪೇಶಂಟ್ ಕೋಮಾದಾಗ ಅದಾಳ, ತಲಿ ತುಂಬ ಮಲ್ಲಿಗಿ!”

ಅವಳು ನಗಲಿಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡು ಪರದೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಎಚ್ಚರ ಇಲ್ಲದಾಕಿಗೂ ಯಾರೋ ದಿನಾ ಹೂವು ತಂದು ಮುಡಸ್ತಾರ. ನಾ ಎಚ್ಚರ ಅದೀನ್ರಿ. ನನಗ ಯಾವಾಗ ತಂದೀರಿ?”

ಅವತ್ತು ಸಂಜೆ ಅಂಗಡಿಯಿಂದ ಬರುವಾಗ ಎರಡು ಮೊಳ ತಂದೆ. ತಪ್ಪು ಮಾಡಿದವನು ಅವನು, ಹೂವು ತಂದವನು ನಾನು.

ಹತ್ತೂ ಹತ್ತು

ಮನೆಯವರ ಸಹವಾಸವೇ ಬೇಡ ಎಂದು ಹೊರಗಿನವರ ಹತ್ತಿರ ನ್ಯಾಯ ಕೇಳಲು ಹೋದೆ. ಷಡ್ಡಕನ ಆಪರೇಷನ್ ಕೋಣೆಯಲ್ಲಿ ಒಂದು ಗೋಡೆ ಗಡಿಯಾರ ಇದೆ. ಅದು ಯಾವಾಗಲೂ ಹತ್ತು ಗಂಟೆ ಹತ್ತು ನಿಮಿಷ. ಬೆಳಿಗ್ಗೆ ಆಪರೇಷನ್ ಶುರುವಾಗುತ್ತದೆ, ಹೊರಗೆ ಕತ್ತಲಾಗುತ್ತದೆ, ನೆಂಟರು ಅತ್ತು ಅತ್ತು ಸುಸ್ತಾಗುತ್ತಾರೆ. ಷಡ್ಡಕ ಬೆವರು ಒರೆಸುತ್ತ ಕೈಗವಸು ಬಿಚ್ಚಿದಾಗಲೂ ಗಡಿಯಾರದಲ್ಲಿ ಹತ್ತೂ ಹತ್ತು!

ಬೇವೂರಿನ ಯಜಮಾನರೊಬ್ಬರು ಅಂಗಡಿಗೆ ಬಂದಿದ್ದರು. ಗುಳಿಗೆ ಹುಡುಕುವುದನ್ನು ಬಿಟ್ಟು ಅವರಿಗೆ ಮೊಬೈಲಿನಲ್ಲಿ ಆ ಇಡೀ ಆಪರೇಷನ್ ತೋರಿಸಿದೆ. ಅವರು ಗಮನವಿಟ್ಟು ನೋಡಿದರು.

“ಗಡಿಯಾರ ನೋಡಿದ್ರೇನ್ರಿ, ಯಜಮಾನರ?”

“ನೋಡಿದ್ನ್ಯಪಾ. ಮುಳ್ಳು ಅಲ್ಲಾಡೋದ್ರಾಗ ಆಪರೇಷನ್ ಮುಗಿಸ್ಯಾರ! ನಾ ಬಂದು ಅರ್ಧ ತಾಸಾತು, ನೀ ಇನ್ನಾ ಒಂದು ಗುಳಿಗಿ ಕೊಟ್ಟಿಲ್ಲ.”

ಒಂದು ಮಾತಿಲ್ಲದ ಪಾತ್ರ

ಇಷ್ಟಾದರೂ ಷಡ್ಡಕನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ, ಅದೇ ನನ್ನ ದೊಡ್ಡ ಸಂಕಟ. ಊರಿಗೆ ಬಂದಾಗ ಈ ತಪ್ಪುಗಳನ್ನೆಲ್ಲ ಅವನ ಮುಂದೆಯೇ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಹೌದಲ್ರಿ ಷಡ್ಡಕರ! ಎಂಥಾ ಕಣ್ಣು ನಿಮ್ಮದು! ನಿಮ್ಮಂಥಾವರು ಶೂಟಿಂಗ್‌ನ್ಯಾಗ ಇರಬೇಕಿತ್ತು ನೋಡ್ರಿ.”

ಆ ಮಾತು ನಿಜವೇ ಆಯಿತು. ಹಳೆಯ ಧಾರಾವಾಹಿಯನ್ನು ಜನ ಮತ್ತೆ ನೋಡುತ್ತಿದ್ದಾರೆ ಎಂದು ಅದರ ಮುಂದಿನ ಕಥೆ ತೆಗೆಯಲು ಹೊರಟರು. ಕೆಲವು ದೃಶ್ಯಗಳಿಗಾಗಿ ಗಂಗಾವತಿಯಲ್ಲಿ ಬಾಗಿಲು ಹಾಕಿದ್ದ ಒಂದು ನರ್ಸಿಂಗ್ ಹೋಂ ಬಾಡಿಗೆಗೆ ಹಿಡಿದರು. ಅತ್ತೆ ಮನೆಮಂದಿಯನ್ನೆಲ್ಲ ಗಾಡಿಯಲ್ಲಿ ತುಂಬಿಕೊಂಡು ಶೂಟಿಂಗ್ ನೋಡಲು ಬಂದರು. ನಾನು ಬರುವುದಿಲ್ಲ ಅಂದೆ. ಎಲ್ಲರಿಗಿಂತ ಮೊದಲು ಗಾಡಿ ಹತ್ತಿದವನೂ ನಾನೇ.

ಅವತ್ತಿನ ದೃಶ್ಯದಲ್ಲಿ ಕಾರಟಗಿಯ ಅಕ್ಕಿ ಗಿರಣಿ ಸಾಹುಕಾರ ಹೃದಯ ನಿಂತು ಸಾಯಬೇಕು. ಸಾಯಬೇಕಾದ ನಟ ಬಂದಿರಲಿಲ್ಲ. ಷಡ್ಡಕ ನನ್ನ ಹೆಗಲ ಮೇಲೆ ಕೈ ಹಾಕಿದ. “ಷಡ್ಡಕರ, ಒಂದು ಪಾತ್ರ ಐತಿ. ಮಾತಿಲ್ಲ, ಸುಮ್ನ ಮಲಗಬೇಕು.”

ಮಾತಿಲ್ಲದಿದ್ದರೇನು, ಮುಖ ಕಾಣುತ್ತದಲ್ಲ! ಇನ್ನು ಮೇಲೆ ಅತ್ತೆಯ ಟಿವಿಯಲ್ಲಿ ನಾನೂ ಇರುತ್ತೇನೆ. ಒಳಗೊಳಗೇ ಕುಣಿಯುತ್ತ ಹೋಗಿ ಮಂಚದ ಮೇಲೆ ಸತ್ತೆ.

ಕ್ಯಾಮೆರಾ ಓಡಿತು. ಷಡ್ಡಕ ನನ್ನ ನಾಡಿ ಹಿಡಿದು ನೋಡಿ, ಕೈಯನ್ನು ಮೆಲ್ಲಗೆ ಕೆಳಗಿಟ್ಟ. ಸಾಹುಕಾರನ ಹೆಂಡತಿಯ ಪಾತ್ರದಾಕೆ ಅಳಲು ಶುರು ಮಾಡಿದಳು. ಷಡ್ಡಕ ಕೋಟಿನ ಜೇಬಿನಿಂದ ಒಂದು ಗುಳಿಗೆ ಶೀಟು ತೆಗೆದು, ಎತ್ತಿ ಹಿಡಿದು, “ಹೃದಯ ನಿಲ್ಲದ ಹಾಗೆ ಕಾಪಾಡುವ ಔಷಧಿ ಇದೊಂದೇ ಇತ್ತು, ಇದೂ ಕೈ ಕೊಟ್ಟಿತು” ಅಂದ. ಅವನ ದನಿ ಒಡೆಯಿತು. ಕ್ಯಾಮೆರಾದ ಹಿಂದೆ ಅತ್ತೆ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ನಾನು ರೆಪ್ಪೆಯ ಸಂದಿಯಿಂದ ಆ ಶೀಟು ನೋಡಿದೆ. ದಿನಾ ನನ್ನ ಕೈಯಿಂದಲೇ ಎಷ್ಟೋ ಮಕ್ಕಳಿಗೆ ಕೊಡುವ ಶೀಟು ಅದು. ತಡೆದುಕೊಂಡೆ. ಹಲ್ಲು ಕಚ್ಚಿದೆ. ನಾನು ಸತ್ತಿದ್ದೇನೆ, ಸತ್ತಿದ್ದೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆಗಲಿಲ್ಲ. ಹೊದಿಕೆ ಕಿತ್ತೆಸೆದು ಎದ್ದು ಕೂತೆ.

“ರೀ, ಅದು ಜಂತುಹುಳದ ಗುಳಿಗಿ!”

ಅಳುತ್ತಿದ್ದ ಸಾಹುಕಾರನ ಹೆಂಡತಿ ನಿಜವಾಗಿಯೂ ಕಿರುಚಿ ಬಾಗಿಲಿಗೆ ಓಡಿದಳು. ಲೈಟ್ ಹಿಡಿದವನ ಕೈಯಿಂದ ಲೈಟ್ ಬಿತ್ತು. ನಿರ್ದೇಶಕರು ತಲೆಯ ಮೇಲೆ ಕೈ ಹೊತ್ತು ಕೂತರು. ಷಡ್ಡಕ ಶೀಟು ತಿರುಗಿಸಿ ಓದಿ, “ಖರೇರಿ ಅತ್ತಿ, ಇದು ಹುಳದ್ದ. ಷಡ್ಡಕರು ಹೇಳಿದ್ದು ಬರೋಬ್ಬರಿ ಐತಿ” ಅಂದ.

ಅವನ ಬಾಯಿಂದಲೇ, ಅತ್ತೆಯ ಎದುರಿನಲ್ಲೇ! ಎಷ್ಟು ವರ್ಷದಿಂದ ಕಾದ ಗಳಿಗೆ. ನಾನು ಮಂಚದ ಮೇಲೆ ಎದೆ ಉಬ್ಬಿಸಿ ಕೂತು ಅತ್ತೆಯ ಮುಖವನ್ನೇ ನೋಡಿದೆ. ಅತ್ತೆ ನನ್ನನ್ನು ನೋಡಿದರು, ಷಡ್ಡಕನನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಆಮೇಲೆ ಎರಡೂ ಕೈ ಎತ್ತಿ ಷಡ್ಡಕನಿಗೆ ಮುಗಿದರು.

“ಅಂಗಡ್ಯಾಗ ಜೀವಂತ ಕುಂತಾಗ ಒಂದ್ ದಿನಾನೂ ಹಿಂಗ ಪಟ್ಟನ ಗುಳಿಗಿ ಗುರ್ತ ಹಿಡದಿಲ್ರಿ ಇವರು. ನಮ್ಮ ಡಾಕ್ಟರ್ ಅಳಿಯಾರು ನಾಡಿ ಹಿಡದಿದ್ದ ತಡ, ಹೆಣಾ ಎದ್ದು ಕುಂತು ಹೇಳ್ತು ನೋಡ್ರಿ!”