ಮಾವನವರ ಸದ್ದಿಲ್ಲದ ಟೆಸ್ಟ್ ಮ್ಯಾಚು

ನನಗೆ ಕ್ರಿಕೆಟ್ಟಿನಲ್ಲಿ ಚೆಂಡಿಗಿಂತ ಆಟಗಾರರ ಬಾಯಿಯ ಮೇಲೆಯೇ ಹೆಚ್ಚು ಕಣ್ಣು. ಹೀಗೆಂದರೆ ಆಟ ಬಲ್ಲವರು ನನ್ನನ್ನು ಪಂಕ್ತಿಯಿಂದ ಎಬ್ಬಿಸಿಬಿಡಬಹುದು. ಆದರೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಚೆಂಡು ಬ್ಯಾಟಿಗೆ ತಾಗದೆ ಕೀಪರನ ಕೈ ಸೇರಿದ ಮೇಲೆ ಒಂದು ಗಳಿಗೆ ಬರುತ್ತದಲ್ಲ, ಆಗ ಆರಡಿ ಎತ್ತರದ ಬೌಲರು ಅರ್ಧ ಪಿಚ್ಚಿನವರೆಗೆ ನಡೆದು ಬಂದು, ಸೊಂಟದ ಮೇಲೆ ಕೈಯಿಟ್ಟು, ಬ್ಯಾಟ್ಸ್‌ಮನ್ನನಿಗೆ ಏನೋ ಅಂದು ಹೋಗುತ್ತಾನೆ. ಆ 'ಏನೋ' ಎಂದರೆ ಏನು ಎಂಬುದು ನನ್ನ ಬಹುಕಾಲದ ಕುತೂಹಲ. ಕಾಮೆಂಟರಿ ಹೇಳುವವರು ತಮ್ಮತಮ್ಮಲ್ಲೇ ನಕ್ಕು ಮುಂದಿನ ಚೆಂಡಿಗೆ ಹೋಗಿಬಿಡುತ್ತಾರೆ. ಮರುದಿನ ಆಸೆಯಿಂದ ಪೇಪರು ಬಿಡಿಸಿದರೆ 'ಅವಾಚ್ಯ ಶಬ್ದಗಳಿಂದ ನಿಂದಿಸಿದರು' ಎಂದಷ್ಟೇ ಇರುತ್ತದೆ. ನನ್ನಂಥ ಜಮಖಂಡಿಯವನಿಗೆ ಇಷ್ಟು ಹೇಳಿದರೆ ಏನೂ ಹೇಳಿದಂತಾಗಲಿಲ್ಲ.

ಯಾಕೆಂದರೆ ನಮ್ಮ ಕಡೆ ಜೀವದ ಗೆಳೆಯನನ್ನು ಕರೆಯುವಾಗ ಮುಂದೊಂದು 'ಲೇ', ಹಿಂದೊಂದು ಬೈಗುಳ ಇರಲೇಬೇಕು. ಬರೀ ಹೆಸರು ಹಿಡಿದು ಕರೆದರೆ 'ಯಾಕಲೇ, ನನ್ನ ಮ್ಯಾಲೆ ಸಿಟ್ಟಾಗೀಯೇನು?' ಎಂದು ಕೇಳುತ್ತಾನೆ. ಇಂಥ ಊರಿನಲ್ಲಿ ಬೆಳೆದವನಿಗೆ, ದುಡ್ಡು ತೆಗೆದುಕೊಂಡು ಆಡುವ ದೊಡ್ಡ ಆಟಗಾರನೊಬ್ಬ ಬೈಗುಳ ಕೇಳಿ ವಿಕೆಟ್ ಒಪ್ಪಿಸುತ್ತಾನೆ ಎಂದರೆ ನಂಬಿಕೆ ಬರುವುದು ಹೇಗೆ? ಮಾತಿಗೆ ನಾನೂ ಒಮ್ಮೆ ಔಟಾಗಿದ್ದೇನೆ ನಿಜ, ಆದರೆ ಅದು ಬೈಗುಳಕ್ಕಲ್ಲ. ಮುಧೋಳದಲ್ಲಿ ಕಚೇರಿ ಕಚೇರಿಗಳ ನಡುವಿನ ಪಂದ್ಯ. ನಾನು ಗಾರ್ಡ್ ತೆಗೆದುಕೊಂಡು ಗಂಭೀರವಾಗಿ ನಿಂತಿದ್ದೆ. ಹಿಂದಿನಿಂದ ಮುಧೋಳದ ಕೀಪರು ಬಹಳ ಮೆತ್ತಗೆ, 'ಸಾಹೇಬ್ರ, ಇಷ್ಟ ಬಿಸಲಾಗ ಯಾಕ ತ್ರಾಸ ತಗೊಂಡ್ರಿ? ನೆಳ್ಳಾಗ ಕುಂತಿದ್ರ ಆಗತಿತ್ತಲ್ರಿ. ಊಟಾ ಆತೇನ್ರಿ?' ಎಂದ. ಊಟ ಕೇಳಿದವರಿಗೆ ಉತ್ತರ ಕೊಡದೆ ಇರಬಾರದೆಂದು ಮನೆಯಲ್ಲಿ ಕಲಿಸಿದ್ದಾರೆ. 'ಇಲ್ರೀ, ಇನ್ನೂ ಆಗಿಲ್ಲ' ಎಂದು ತಿರುಗಿ ಹೇಳುವಷ್ಟರಲ್ಲಿ ನಡುವಿನ ಸ್ಟಂಪು ಹಾರಿತ್ತು. 'ಹಂಗಾರ ಹೋಗಿ ಊಟಾ ಮಾಡ್ರಿ' ಎಂದು ಆತ ಕೈ ಮುಗಿದು ಕಳಿಸಿಕೊಟ್ಟ.

ಇರಲಿ, ನನ್ನ ಕುತೂಹಲಕ್ಕೆ ದಾರಿ ತೋರಿದವರು ನಮ್ಮ ಮಾವನವರು. ಬನಹಟ್ಟಿಯವರು. ನಲವತ್ತು ವರ್ಷ ಪಾವರ್‌ಲೂಮ್ ಶೆಡ್ಡಿನಲ್ಲಿ ದುಡಿದು, ಮಗ್ಗಗಳ ಖಟಖಟ ಸದ್ದಿಗೆ ಎರಡೂ ಕಿವಿ ಒಪ್ಪಿಸಿ ಬಂದವರು. ಅವರಿಗೆ 'ಚಹಾ ಕುಡೀತೀರೇನು' ಎಂದು ಕೇಳಿದರೆ ಓಣಿಯ ಮೂರು ಮನೆಯವರು ಹೂಂ ಎನ್ನುತ್ತಾರೆ. ಬನಹಟ್ಟಿಯ ಮನೆಯಲ್ಲಿ ಟಿವಿ ಸೊಸೆಯಂದಿರ ಧಾರಾವಾಹಿಗಳ ವಶದಲ್ಲಿತ್ತು. ಹೀಗಾಗಿ ಕ್ರಿಕೆಟ್ ಇದ್ದಾಗಲೆಲ್ಲ ಮಾವನವರು ಕೈಚೀಲ ಹಿಡಿದು ಜಮಖಂಡಿ ಬಸ್ಸು ಹತ್ತುತ್ತಿದ್ದರು. ಒಂದು ದಿನದ ಪಂದ್ಯವಾದರೆ ಒಂದು ದಿನ, ಟೆಸ್ಟ್ ಆದರೆ ಐದು ದಿನ. ಮಳೆ ಬಂದು ಆಟ ಬಂದಾದರೂ ಮಾವನವರ ವಾಸ್ತವ್ಯ ಬಂದಾಗುತ್ತಿರಲಿಲ್ಲ.

ಬರಲಿ, ಹೆಣ್ಣು ಕೊಟ್ಟವರು. ಆದರೆ ಬಂದವರು ನೇರವಾಗಿ ನನ್ನ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದರು. ಕೂತು ಮಾಡುವ ಮೊದಲ ಕೆಲಸ ಟಿವಿಯ ಸದ್ದನ್ನು ಪೂರ್ತಿ ತೆಗೆದುಬಿಡುವುದು. 'ಹೆಂಗೂ ನನಗ ಕೇಳಂಗಿಲ್ಲ, ಸುಮ್ನ ಕರೆಂಟ್ ಯಾಕ ಸುಡಬೇಕು?' ಎಂಬುದು ಅವರ ವಾದ. ಸದ್ದಿಗೆಂದು ಅಂಥ ಕರೆಂಟೇನೂ ಸುಡುವುದಿಲ್ಲ ಎಂಬ ವಿಷಯವನ್ನು ಕೂಗಿ ತಿಳಿಸುವ ಶಕ್ತಿ ನನ್ನ ಗಂಟಲಿಗಿರಲಿಲ್ಲ. ನಾನು ಮೂಲೆಯ ಸ್ಟೂಲಿನ ಮೇಲೆ ಕೂತು ಗೊಣಗುತ್ತಿದ್ದೆ. ಕಿವಿ ಕೇಳದವರ ಎದುರು ಗೊಣಗುವ ಸುಖವೇ ಬೇರೆ. 'ಬಂತ ನೋಡ ಸವಾರಿ. ಆ ಬನಹಟ್ಟಿ ಬಸ್ ಒಮ್ಮೆರ ಪಂಚರ್ ಆಗಬಾರದ? ಕುರ್ಚಿ ಹೋತು, ಕಾಮೆಂಟರಿ ಹೋತು, ಇನ್ನ ನನ್ನ ಹಾಸಿಗಿ ಒಂದ ಉಳದೈತಿ.' ಬಾಗಲಕೋಟೆ ಬೇರೆ ಜಿಲ್ಲೆಯಾದ ವರ್ಷ ನನ್ನ ಮದುವೆಯಾಯಿತು. ಅಲ್ಲಿಂದ ಹನ್ನೊಂದು ವರ್ಷ ನಿಶ್ಚಿಂತೆಯಿಂದ ಗೊಣಗಿದೆ. ಮಾವನವರು ಆಗಾಗ ನನ್ನ ಕಡೆ ತಿರುಗಿ ನೋಡಿ, ತುಟಿಯಲ್ಲೇ ಏನೋ ಅಂದುಕೊಂಡು ಮತ್ತೆ ಟಿವಿಗೆ ತಿರುಗುತ್ತಿದ್ದರು. 'ಅಪ್ಪ ಜಪಾ ಮಾಡತಾರ್ರಿ' ಎಂದು ನನ್ನ ಹೆಂಡತಿ ಮಹಾದೇವಿ ಹೇಳಿದ್ದಳು.

ಒಂದು ಚಳಿಗಾಲದ ಬೆಳಗ್ಗೆ, ಯಾವುದೋ ಪರದೇಶದ ಮೈದಾನದಲ್ಲಿ ಟೆಸ್ಟ್ ನಡೆದಿತ್ತು. ಓವರು ಮುಗಿದಿತ್ತು. ವಿಕೆಟ್ ಇಲ್ಲ, ರನ್ ಇಲ್ಲ. ಮಾವನವರು ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದು ನಕ್ಕರು. ಯಾಕೆಂದು ಕೂಗಿ ಕೇಳಿದೆ.

'ಆ ಬೌಲರ್ ಅಂದದ್ದ ನೋಡಿದ್ರಿಲ್ಲ? ನಿನ್ನ ಕಾಲ ನೆಲಕ್ಕ ಅಂಟ್ಯಾವೇನು, ಬಂದು ಬಿಡಸ್ಲೇನು ಅಂದ. ನಮ್ಮ ಬ್ಯಾಟ್ಸ್‌ಮನ್, ನೀ ಮದಲ ನಿನ್ನ ಹೊಟ್ಟಿ ಹೊತ್ಕೊಂಡ ವಾಪಸ್ ಹೋಗು ಅಂದ.'

ನಾನು ಸ್ಟೂಲಿನಿಂದ ಬೀಳುವುದೊಂದು ಬಾಕಿ. 'ನಿಮಗ ಇಂಗ್ಲೀಷ್ ಎಲ್ಲಿ ಬರತೈತ್ರಿ ಮಾವಾರ?'

'ಇಂಗ್ಲೀಷ್ ಯಾಕ ಬೇಕು? ಶೆಡ್ಡಿನ್ಯಾಗ ಲೂಮ್ ಸದ್ದಿಗೆ ಯಾರ ಮಾತ ಯಾರಿಗಿ ಕೇಳತೈತಿ? ಎಲ್ಲಾ ತುಟಿ ಮ್ಯಾಲೆ. ಈ ಕಡೆ ಮಗ್ಗಕ್ಕ ತೆಲುಗಿನಾವ, ಆ ಕಡೆ ಮಗ್ಗಕ್ಕ ಮರಾಠಿಯಾವ. ಮಾತ ತುಟಿ ನೋಡಿ ತಿಳೀಬೇಕು, ತಿಳೀದಿದ್ರ ಹುಬ್ಬ ನೋಡಬೇಕು. ಬೈಯಾವನ ಗದ್ದಾ ಯಾವ ದೇಶದಾಗಾದ್ರೂ ಹಿಂಗ ಮುಂದ ಬರತೈತಿ' ಎಂದು ತಮ್ಮ ಗದ್ದವನ್ನೇ ಮುಂದೆ ತಂದು ತೋರಿಸಿದರು.

ಮರುದಿನ ಕಚೇರಿಯಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ. ಯಾವ ಬೌಲರು ಯಾರಿಗೆ ಏನಂದ ಎಂದು ನಾನು ಚಹಾದ ಹೊತ್ತಿಗೆ ಪ್ರವಚನ ಶುರುಮಾಡಿದೆ. ನನ್ನ ಪಕ್ಕದ ಟೇಬಲ್ಲಿನ ಬಸಣ್ಣ, ಲೋಕಾಪುರದವನು, ಯಾವುದನ್ನೂ ಕಣ್ಣಾರೆ ನೋಡದೆ ಒಪ್ಪುವವನಲ್ಲ. 'ನಿಮ್ಮ ಮಾವ ಛಲೋ ರೀಲ್ ಬಿಟ್ಟಾರ. ಪರೀಕ್ಷಾ ಮಾಡೂಣು' ಎಂದು ಆ ಸಂಜೆಯೇ ನಮ್ಮ ಮನೆಗೆ ಬಂದ. ಒಳಗೆ ಬರದೆ ಮುಚ್ಚಿದ ಕಿಟಕಿಯ ಗಾಜಿನಾಚೆ ನಿಂತು, ಸದ್ದು ಹೊರಡಿಸದೆ ಏನೋ ಅಂದ. ಮಾವನವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

'ಈ ಮುದುಕ ಸುಳ್ಳ ಹೇಳಾಕತ್ತಾನ, ಒಂದ ಕಪ್ ಚಹಾ ಕುಡದು ಜಾಗಾ ಖಾಲಿ ಮಾಡೂಣು, ಅಂತಾರ ನೋಡ್ರಿ ನಿಮ್ಮ ಗೆಳ್ಯಾರು. ಮಾದೇವೀ, ಪಾಪ, ಅವರಿಗಿ ಮದಲ ಚಹಾ ಕೊಡವಾ.'

ಬಸಣ್ಣ ಒಳಗೆ ಬಂದು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಎಲ್ಲರೂ ನಕ್ಕೆವು. ನಗುತ್ತಲೇ ನನ್ನ ಕಣ್ಣು ಮೂಲೆಯ ಕಡೆ ಹೋಯಿತು. ಹನ್ನೊಂದು ವರ್ಷ ಮೂಲೆಯ ಸ್ಟೂಲಿನ ಮೇಲೆ, ಕುರ್ಚಿಯಿಂದ ಸರಿಯಾಗಿ ಕಾಣುವ ಜಾಗದಲ್ಲಿ ಕೂತು ನಾನು ಆಡಿದ ಮಾತುಗಳೆಲ್ಲ ಸಾಲು ಹಿಡಿದು ನೆನಪಿಗೆ ಬಂದವು.

ಬಸ್ಸು ಪಂಚರ್ ಆಗಲಿ ಅಂದದ್ದು ಹೋಗಲಿ, ಅದು ಸಾರಿಗೆ ಸಂಸ್ಥೆಗೆ ಸಂಬಂಧಪಟ್ಟದ್ದು. ಆದರೆ ಒಂದು ಮಾತು ಎದೆಗೆ ಚುಚ್ಚಿತು. ಮೊದಲೆಲ್ಲ ಮಾವನವರು ದೀಪಾವಳಿಗೆ ಬರುವಾಗ ನನಗೆಂದೇ ತಮ್ಮ ಮಗ್ಗದಲ್ಲಿ ನೇಯ್ದ ಒಂದು ಟಾವೆಲ್ ತರುತ್ತಿದ್ದರು. ಒಂದು ವರ್ಷ ಅದನ್ನು ತೆಗೆದುಕೊಳ್ಳುತ್ತ, ಮುಖದ ಮೇಲೆ ನಗೆಯಿಟ್ಟುಕೊಂಡೇ, 'ಮತ್ತ ಟಾವೆಲ್ಲ! ಈ ಮನ್ಯಾಗ ಒರಸಾಕರ ಇನ್ನ ಏನ ಉಳದೈತಿ?' ಎಂದು ಗೊಣಗಿದ್ದೆ. ಮರುವರ್ಷ ಕರದಂಟು ಬಂತು, ಟಾವೆಲ್ ಬರಲಿಲ್ಲ. ಅವರಿಗೆ ಕೈಯಲ್ಲಿ ಶಕ್ತಿ ಕಡಿಮೆಯಾಯಿತೇನೋ ಅಂದುಕೊಂಡು ನಾನು ಮರುಕವನ್ನೂ ಪಟ್ಟಿದ್ದೆ! ನನಗೆ ನಿಜವಾಗಿ ನಾಚಿಕೆಯಾಯಿತು. ಆ ಆರಡಿ ಬೌಲರು ಬೈಯಲಿ, ಏನಾದರೂ ಅನ್ನಲಿ, ಕಿವಿ ಕೇಳುವವನಿಗೆ, ಕೈಯಲ್ಲಿ ಬ್ಯಾಟು ಹಿಡಿದವನಿಗೆ, ಎದುರು ನಿಂತು ಅನ್ನುತ್ತಾನೆ. ನಾನು ಕೇಳಿಸದೆಂದು ಖಾತ್ರಿ ಮಾಡಿಕೊಂಡು ಅಂದಿದ್ದೆ. ಕ್ರೀಡಾಮನೋಭಾವದ ಬಗ್ಗೆ ಕಚೇರಿಯಲ್ಲಿ ಭಾಷಣ ಮಾಡುವ ನಾನು.

ಮುಂದಿನ ಎರಡು ದಿನ ತುಟಿ ಬಿಚ್ಚಲಿಲ್ಲ. ಮಾತಾಡಲೇಬೇಕಾದರೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದೆ. ಮೈದಾನದಲ್ಲಿ ಕ್ಯಾಪ್ಟನ್ನರು ಬಾಯಿಗೆ ಕೈ ಅಡ್ಡವಿಟ್ಟು ಮಾತಾಡುವುದೇಕೆಂದು ಆಗ ತಿಳಿಯಿತು. ಮಾವನವರು ಇನ್ನು ಮುಂದೆ ಬರುವುದನ್ನೇ ಬಿಟ್ಟುಬಿಟ್ಟರೆ ಎಂಬ ಯೋಚನೆ ಬಂತು. ಹನ್ನೊಂದು ವರ್ಷ ಬಯಸಿದ್ದು ಅದನ್ನೇ, ಈಗ ಅದೇ ಸಂಕಟವಾಯಿತು. ಟೆಸ್ಟಿನ ಕೊನೆಯ ದಿನ ಅವರೇ ಕೇಳಿದರು, 'ಅಳ್ಯಾರ, ಎರಡ ದಿನಾತು, ಮಾತ ಇಲ್ಲ. ಆರಾಮ ಅದೀರಿಲ್ಲೋ?'

ನಾನು ಗಂಟಲು ಹರಿಯುವಂತೆ ಕೂಗಿದೆ. 'ಮಾವಾರ, ಇಷ್ಟ ವರ್ಷ ನಾ ಅಂದದ್ದೆಲ್ಲಾ ನಿಮಗ ತಿಳದೈತೇನ್ರಿ?'

'ಒದರಬ್ಯಾಡ್ರಿ. ದಿನಾ ಅಂತಿದ್ರೆಲ್ಲ, ಹಂಗ ಮೆತ್ತಗ ಅನ್ರಿ.'

'ಸಿಟ್ಟ ಬರಲಿಲ್ಲೇನ್ರಿ?'

'ಮಗ್ಗದ ಮುಂದ ನಿಂತಾವ, ಯಾರೋ ಬೈದರಂತ ಸಿಟ್ಟಿಲೆ ತಿರಗಿದ್ರ ಇಲ್ಲೆ ನೂಲಿನ ಎಳಿ ಹರೀತೈತಿ. ಅದಕ್ಕ ಯಾರೂ ತಿರಗಂಗಿಲ್ಲ. ತುಟಿ ಮ್ಯಾಲೆ ಅಂದದ್ದು ಶೆಡ್ಡಿನ ಬಾಗಲಾ ದಾಟಂಗೂ ಇಲ್ಲ. ಅದು ನಮ್ಮ ಮಂದಿ ಕಾಯ್ದೆ' ಎಂದರು. ಕನ್ನಡಕ ಒರೆಸಿಕೊಂಡು, 'ಮತ್ತ ನನ್ನ ಕೂಡ ಎಲ್ಲಾರೂ ಒದರತಾರ್ರಿ. ಚಹಾ, ಊಟಾ, ಗುಳಗಿ, ಮುಗೀತು. ಬಾಜೂಕ ಕುಂತು ಮೆತ್ತಗ ಮಾತಾಡಾವ್ರು ನೀವೊಬ್ಬರ' ಎಂದರು. ಆಮೇಲೆ ಟಿವಿಯ ಕಡೆ ತಿರುಗಿ, 'ಆ ಟಾವೆಲ್ ಮಾತಿಗಿ ಮಾತ್ರ ಒಂದ ಎಳಿ ಹರದಿತ್ತು' ಎಂದರು.

ನಾನು ಅವರ ಎದುರು ಹೋಗಿ ನಿಂತು, ಸದ್ದಿಲ್ಲದೆ, 'ತಪ್ಪಾತ್ರಿ ಮಾವಾರ' ಎಂದೆ. 'ಆತ ಬಿಡ್ರಿ, ಟಿವಿಗಿ ಅಡ್ಡ ನಿಂತೀರಿ, ಸರೀರಿ' ಎಂದರು.

ಮುಂದಿನ ಪಂದ್ಯಕ್ಕೆ ಬಂದಾಗ ಕೈಚೀಲದಿಂದ ನೀಲಿ ಅಂಚಿನ ಟಾವೆಲ್ ತೆಗೆದು ನನ್ನ ತೊಡೆಯ ಮೇಲಿಟ್ಟು, ಏನನ್ನುತ್ತೀರೋ ನೋಡೋಣ ಎಂಬಂತೆ ನನ್ನ ಬಾಯಿಯನ್ನೇ ನೋಡುತ್ತ ಕೂತರು. ನನಗೆ ಕಣ್ಣು ತುಂಬಿ ಬಂತು. ಆದರೆ ಶೆಡ್ಡಿನ ಕಾಯ್ದೆಯೆಂದರೆ ಕಾಯ್ದೆ, ಎಂದಿನಂತೆ ತುಟಿಯ ಮೇಲೊಂದು ಅನ್ನಲೇಬೇಕು. 'ಅಂಚ ಸೊಟ್ಟ ಐತಿ' ಎಂದು ಗೊಣಗಿದೆ. ಮಾವನವರ ಮುಖ ಅರಳಿತು. ಅವರ ತುಟಿಗಳು ಎಂದಿನಂತೆ ಜಪಕ್ಕೆ ತೊಡಗಿದವು. ಈ ಸಲ ನಾನು ಹತ್ತಿರದಿಂದ ನೋಡಿದೆ. ಜಪ ಮಾಡುವವರ ಗದ್ದ ಹಾಗೆ ಮುಂದೆ ಬರುವುದಿಲ್ಲ.

ಎದ್ದು ಅಡುಗೆಮನೆಗೆ ಓಡಿದೆ. ಮಹಾದೇವಿ ಬಾಗಿಲಲ್ಲೇ ನಿಂತು ಅಪ್ಪನ ಮುಖ ನೋಡುತ್ತ, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

'ನಿನಗೂ ತುಟಿ ಓದಾಕ ಬರತೈತೇನ?'

'ಶೆಡ್ಡಿನ್ಯಾಗ ತೊಟ್ಟಲಾ ಕಟ್ಟಿ ಬೆಳಸ್ಯಾರ, ಬರದ ಏನ್ರಿ?'

'ಹಂಗಾರ ಹನ್ನೊಂದ ವರ್ಷ ನಿಮ್ಮಪ್ಪ ನನಗ ಏನೇನಂದಾರ, ಅಷ್ಟೂ ಹೇಳು.'

ಅವಳು ಬಾಯಿಂದ ಸೆರಗು ತೆಗೆದು, 'ಪೇಪರ್‌ನ್ಯಾಗ ಬರತಾವಲ್ರಿ, ಅವಾಚ್ಯ ಶಬ್ದ, ಅವ ನೋಡ್ರಿ' ಎಂದು ರೊಟ್ಟಿ ಬಡಿಯಲು ಕೂತಳು.