ಮೊದಲು ತೂತು ಹೇಳಿ, ಆಮೇಲೆ ಮೆಷಿನ್ ಕೇಳಿ

ಕಡೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನಮ್ಮದೊಂದು ಮೆಷಿನ್ ಬಾಡಿಗೆ ಅಂಗಡಿ. ಗೋಡೆ ಕೊರೆಯುವ ಹ್ಯಾಮರ್ ಮೆಷಿನ್ ಇರುವುದು ಎರಡೇ: ಎರಡು ಕೆಜಿಯದು ಒಂದು, ಐದು ಕೆಜಿಯದು ಒಂದು. ಇಷ್ಟು ಸಣ್ಣ ಅಂಗಡಿಯಲ್ಲೂ ವಾರಕ್ಕೊಂದು ತಮಾಷೆ ತಪ್ಪಿದ್ದಲ್ಲ. ಯಾಕೆಂದರೆ ಬಂದವರೆಲ್ಲ ಮೆಷಿನ್ ಕೇಳುತ್ತಾರೆಯೇ ಹೊರತು ಎಷ್ಟು ದಪ್ಪದ ತೂತು ಬೇಕೆಂದು ಹೇಳುವುದಿಲ್ಲ. ಅದಕ್ಕೇ ಬಾಗಿಲಲ್ಲಿ ಬೋರ್ಡ್ ಇದೆ: "ಮೊದಲು ತೂತು ಹೇಳಿ, ಆಮೇಲೆ ಮೆಷಿನ್ ಕೇಳಿ."

ಆ ಬೋರ್ಡ್ ಬರೆದವಳು ನನ್ನ ವಾರಗಿತ್ತಿ, ಭಾವನ ಹೆಂಡತಿ. ಮೊದಲು ಅಂಗಡಿಯಲ್ಲಿ ಇಬ್ಬರೂ ಕೂರುತ್ತಿದ್ದೆವು. ಗಿರಾಕಿ ಬೆನ್ನು ತಿರುಗಿಸಿದ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುವುದೇ ನಮ್ಮ ಮುಖ್ಯ ಕೆಲಸ. ಎರಡು ವರ್ಷದ ಹಿಂದೆ ಮನೆ ಭಾಗವಾಯಿತು. ಒಂದು ಹಿತ್ತಾಳೆ ಕೊಳಗ ಯಾರಿಗೆ ಎಂಬುದಕ್ಕೆ ನಮ್ಮಿಬ್ಬರಿಗೆ ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ನಿಂತಿತು. ಅಡುಗೆಮನೆಯ ನಡುವೆ ಗೋಡೆ ಎದ್ದಿತು. ಅಂದಿನಿಂದ ನಗು ಬಂದರೆ ಒಬ್ಬಳೇ ನಗಬೇಕು. ಅದು ಬಹಳ ಬೇಜಾರಿನ ಕೆಲಸ.

ಅಪ್ಪನ ಫೋಟೊ

ಯಗಟಿ ಕಡೆಯ ಕುರಿ ಸಾಕುವವರೊಬ್ಬರು ಬಂದು, "ದೊಡ್ಡ ಮೆಷಿನ್ ಕೊಡವ್ವ" ಎಂದರು.

"ತೂತು ಯಾವುದಕ್ಕೆ?"

"ನಮ್ಮಪ್ಪನ ಫೋಟೊ ನೇತಾಕಕ್ಕೆ."

"ಅದಕ್ಕೆ ಸಣ್ಣದು ಸಾಕು ಕಣ್ರೀ. ದೊಡ್ಡದು ಇಟ್ರೆ ಗೋಡೆನೇ ಕಿತ್ಕೊಂಡ್ ಬತ್ತದೆ."

"ನಮ್ಮಪ್ಪ ಏನು ಸಣ್ಣ ಮನುಷ್ಯನಾ?"

ಅಪ್ಪನ ವಿಷಯದಲ್ಲಿ ಯಾರ ಜೊತೆಯೂ ವಾದ ಮಾಡಬಾರದು. ಕೊಟ್ಟೆ. ಐದು ಕೆಜಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಸ್ ಹತ್ತಿದರು. ಮರುದಿನ ವಾಪಸ್ ತಂದಾಗ ಮೀಸೆಯ ಮೇಲೂ ಮಣ್ಣಿನ ಧೂಳು.

"ಫೋಟೊ ನೇತಾಕಿದ್ರಾ?"

"ನೇತಾಕಕ್ಕೆ ಗೋಡೆ ಎಲ್ಲುಳೀತು? ಗೂಡಾಯ್ತು. ಅಪ್ಪನ್ನ ಒಳಗೇ ಕೂರ್ಸಿದೀವಿ. ದೀಪಕ್ಕೂ ಜಾಗ ಐತೆ."

ಮೇಷ್ಟ್ರ ಲೆಕ್ಕ

ತರೀಕೆರೆಯ ನಿವೃತ್ತ ಮೇಷ್ಟ್ರದು ಇದಕ್ಕೆ ತದ್ವಿರುದ್ಧ. ಬಚ್ಚಲ ಗೋಡೆಯಲ್ಲಿ ಎರಡಿಂಚಿನ ಪೈಪ್ ಹಾಯಬೇಕು. ಅದಕ್ಕೆ ಸಣ್ಣ ಮೆಷಿನ್ ಆಗುವುದಿಲ್ಲ ಎಂದರೆ ಕೇಳಲಿಲ್ಲ.

"ಲೆಕ್ಕ ಹಾಕಿದೀನಮ್ಮ. ಸುತ್ತಲೂ ಸಣ್ಣ ಸಣ್ಣ ತೂತು ಹಾಕಿದ್ರೆ ನಡುವಿನದು ತಾನಾಗೇ ಬೀಳ್ತದೆ."

ಸಂಜೆ ಫೋನ್ ಬಂತು. "ಇಪ್ಪತ್ತೇಳು ತೂತು ಆಯ್ತಮ್ಮ, ನಡುವಿನದು ಬೀಳ್ತಾನೇ ಇಲ್ಲ."

ಅವರ ಹಿಂದಿನಿಂದ ಹೆಂಡತಿಯ ದನಿ ಕೇಳಿಸಿತು: "ಸ್ವಲ್ಪ ಆ ಕಡೆ ಸರೀರಿ." ಆಮೇಲೆ ಧಡ್ ಎಂದು ಒಂದೇ ಒಂದು ಸದ್ದು.

"ಬಿತ್ತಾ ಮೇಷ್ಟ್ರೇ?"

"ಬಿತ್ತು. ಸರಿಯಾದ ಸೈಜಿನದು ಮನೇಲೇ ಇತ್ತು ಕಣಮ್ಮ. ಕಾಯಿ ಸುಲಿಯೋ ಹಾರೆ."

ಫೋನ್ ಇಟ್ಟು, ನಗು ತಡೆಯಲಾರದೆ ಪಕ್ಕಕ್ಕೆ ತಿರುಗಿದೆ. ಪಕ್ಕದ ಕುರ್ಚಿ ಖಾಲಿ ಇತ್ತು.

ಹೆಬ್ಬೆರಳು

ಅಜ್ಜಂಪುರದಿಂದ ಒಬ್ಬಾಕೆ ಬಂದರು. "ನಮ್ಮೆಜಮಾನ್ರು ಹೆಬ್ಬೆರಳಷ್ಟು ದಪ್ಪದ ತೂತು ಬೇಕು ಅಂದ್ರು."

"ಎಲ್ಲಿ, ನಿಮ್ಮ ಬೆರಳು ತೋರ್ಸಿ."

"ನಂದಲ್ಲ, ಅವರ್ದು."

"ಅವರೆಲ್ಲಿ?"

"ಅಜ್ಜಂಪುರದಲ್ಲವ್ರೆ."

ವಿಡಿಯೊ ಕಾಲ್ ಮಾಡಿಸಿದೆ. ಪರದೆಯ ತುಂಬ ಒಂದು ಹೆಬ್ಬೆರಳು. ಅದು ಬೆರಳೋ ಬದನೆಕಾಯಿಯೋ ತಿಳಿಯಲಿಲ್ಲ.

"ಅಣ್ಣಾ, ಪಕ್ಕದಲ್ಲಿ ಏನಾದ್ರೂ ಹಿಡೀರಿ, ಅಳತೆ ಗೊತ್ತಾಗ್ಲಿ" ಎಂದೆ.

ಪಕ್ಕದಲ್ಲಿ ಇನ್ನೊಂದು ಹೆಬ್ಬೆರಳು ಬಂತು.

ನಮ್ಮನೆ ಗೋಡೆ

ಊರಿಗೆಲ್ಲ ಬುದ್ಧಿ ಹೇಳುವವಳ ಮನೆ ಕತೆ ಇನ್ನು ಕೇಳಿ. ಒಂದು ಭಾನುವಾರ ಅಡುಗೆಮನೆಯಲ್ಲಿ ಸೌಟಿನ ಸ್ಟ್ಯಾಂಡ್ ನೇತುಹಾಕಬೇಕಿತ್ತು. ಬೇಕಾದದ್ದು ಆರು ಎಂಎಂ ತೂತು. ಸಣ್ಣ ಮೆಷಿನ್ ಬೀರೂರಿಗೆ ಹೋಗಿತ್ತು. ದೊಡ್ಡದರ ಬಾಯಿಗೆ ಅಷ್ಟು ಸಣ್ಣ ಬಿಟ್, ಅದೇ ಕೊರೆಯುವ ಕಡ್ಡಿ, ಹಿಡಿಯುವುದೇ ಇಲ್ಲ. ಇದ್ದದ್ದರಲ್ಲಿ ಸಣ್ಣದು ಇಪ್ಪತ್ತು ಎಂಎಂ. ಗಿರಾಕಿಯಾಗಿದ್ದರೆ ಬೈದು ಕಳಿಸುತ್ತಿದ್ದೆ. ನಾನೇ ಆದ್ದರಿಂದ, ಹುಷಾರಾಗಿ ಹಾಕಿದರಾಯಿತು ಎಂದುಕೊಂಡು ಸ್ವಿಚ್ ಒತ್ತಿದೆ.

ಅದು ಒಂಟಿ ಇಟ್ಟಿಗೆಯ ನಡುಗೋಡೆ ಎಂಬುದು ಬಿಟ್ ಆ ಕಡೆ ಹೊರಟ ಮೇಲೆ ನೆನಪಾಯಿತು.

ಇದ್ದ ಜಗಳಕ್ಕೆ ಈಗ ತೂತೂ ಸೇರಿತಲ್ಲ, ಇನ್ನು ಈ ಜನ್ಮದಲ್ಲಿ ವಾರಗಿತ್ತಿ ಮಾತಾಡುವುದಿಲ್ಲ ಎಂದು ಭಯವಾಯಿತು. ಮೆಲ್ಲಗೆ ಬಿಟ್ ಎಳೆದು ತೂತಿಗೆ ಕಣ್ಣಿಟ್ಟೆ. ಆ ಕಡೆಯಿಂದಲೂ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು.

"ಲೇ, ಬೋರ್ಡ್ ಓದಕ್ಕೆ ಬರಲ್ವೇನೇ?"

ಎರಡು ವರ್ಷದ ಮೇಲೆ ವಾರಗಿತ್ತಿ ಆಡಿದ ಮೊದಲ ಮಾತು. ಅಳಬೇಕೋ ನಗಬೇಕೋ ತಿಳಿಯದೆ ಎರಡೂ ಮಾಡಿದೆ.

"ತಪ್ಪಾಯ್ತಕ್ಕ. ನಾಳೇನೇ ಸಿಮೆಂಟ್ ಹಾಕಿಸ್ತೀನಿ."

"ಅರ್ಜೆಂಟೇನಿಲ್ಲ. ಕರಿಬೇವು ಐತಾ?"

ಒಂದು ಕಡ್ಡಿ ಕರಿಬೇವು ತೂರಿಸಿದೆ. ಆ ಕಡೆಯಿಂದ ಎಳೆದುಕೊಂಡಳು. ಒಗ್ಗರಣೆ ಚಟಪಟ ಎಂದಿತು. ಅಲ್ಲೇ ನಿಂತು ಹೆಬ್ಬೆರಳಿನ ಕತೆ ಹೇಳಿದೆ. ಅವಳು ನಕ್ಕ ನಗುವಿಗೆ ತೂತೇ ಬೇಕಿರಲಿಲ್ಲ, ಗೋಡೆ ದಾಟಿ ಕೇಳಿಸಿತು. ನನಗೂ ಧೈರ್ಯ ಬಂತು.

"ಅಕ್ಕಾ, ಒಂದು ಹೋಳು ತೆಂಗಿನಕಾಯಿ ಇದ್ರೆ ಕೊಡ್ತೀಯಾ?"

"ಕೊಡ್ತೀನಿ ಕಣೇ. ಇದ್ರಲ್ಲಿ ತೂರಲ್ಲ, ಇನ್ನೂ ದೊಡ್ಡ ಮೆಷಿನ್ ತಗೊಂಡ್ ಬಾ."