ಹ್ಯೂರಾನ್ ತಂಡ ಪಾತ್ರೆ ತೊಳೆದದ್ದು

ನಾನು ಡಿಗ್ರಿ ಮಾಡುವುದು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದವರು ನನ್ನ ಸೋದರಮಾವ, ಇಲ್ಲೇ ಕೆನಡಾದ ಸ್ಕಾರ್‌ಬರೋದಲ್ಲಿರುವ ವಾಸುಮಾವ. ಅಷ್ಟಕ್ಕೇ ಬಿಟ್ಟಿದ್ದರೆ ಮರೆಯಬಹುದಿತ್ತು. "ಇವ ಡಿಗ್ರಿ ತಗೊಂಡ್ರೆ ನಾನು ಲುಂಗಿ ಉಟ್ಟು ಬಸ್ಸಲ್ಲಿ ಇವನ ಊರು ಮಿಸಿಸಾಗಕ್ಕೆ ಬರ್ತೇನೆ" ಎಂದು ನೆಂಟರ ಮುಂದೆ ಸವಾಲು ಬೇರೆ ಹಾಕಿದ್ದರು. ಅವರನ್ನು ದೂರಿ ಫಲವಿಲ್ಲ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರೆಂದರೆ ಅದರ ಗೋಡೆಗೆ ಸುಣ್ಣ ಬಳಿಯಲು ಹೋದ ನನ್ನ ಅಪ್ಪ ಒಬ್ಬರೇ. ನಾನು ವಾನ್ ಎಂಬ ಊರಿನ ಗೋದಾಮಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟು ಓಡಿಸುತ್ತ, ಶಿಫ್ಟು ಮುಗಿಸಿ ಕ್ಲಾಸಿನಲ್ಲಿ ತೂಕಡಿಸುತ್ತ, ಅಂತೂ ಇತಿಹಾಸದಲ್ಲಿ ಪದವಿ ಪಡೆದೆ. ಕಷ್ಟಪಟ್ಟು ಕಲಿತವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಕಲಿತದ್ದನ್ನು ನಾಲ್ಕು ಜನರಿಗೆ ತೋರಿಸದಿದ್ದರೆ ಅವನಿಗೆ ಊಟ ಸೇರುವುದಿಲ್ಲ.

ನಾನು ಕೊನೆಯ ವರ್ಷ ಬರೆದ ಪ್ರಬಂಧ ಯುದ್ಧನೌಕೆಗಳ ಹೆಸರಿನ ಬಗ್ಗೆ. ಹ್ಯಾಮಿಲ್ಟನ್ ಊರಿನ ಸರೋವರದ ದಡದಲ್ಲಿ ಹೈಡಾ ಎಂಬ ಹಳೆಯ ಯುದ್ಧನೌಕೆ ನಿಂತಿದೆ. ಮಕ್ಕಳಿಗೆ ತೋರಿಸಲು ಹೋಗಿ ನಾನೇ ಹುಚ್ಚು ಹತ್ತಿಸಿಕೊಂಡು ಬಂದೆ. ಹೈಡಾ ಎಂಬುದು ಇಲ್ಲಿನ ಪಶ್ಚಿಮ ಕರಾವಳಿಯ ಮೂಲನಿವಾಸಿಗಳ ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ತಮ್ಮ ಹಡಗುಗಳಿಗೆ ಸಿಖ್, ಗೂರ್ಖಾ, ಜುಲು, ಮಾವೋರಿ ಎಂದು ಜನಾಂಗಗಳ ಹೆಸರಿಟ್ಟಿದ್ದರು. ಕೆನಡಾದವರು ಅದನ್ನೇ ಹಿಡಿದು ಹೈಡಾ, ಹ್ಯೂರಾನ್, ಇರಾಕ್ವಾಯ್ ಎಂದು ಇಲ್ಲಿನ ಮೂಲನಿವಾಸಿಗಳ ಹೆಸರಿಟ್ಟರು. ಸಿಖ್, ಗೂರ್ಖಾ ಯುದ್ಧದಲ್ಲಿ ಮುಳುಗಿದವು. ಮುಂದೆ ಬಂದ ಇನ್ನೊಂದು ಹ್ಯೂರಾನ್ ಹಡಗನ್ನು, ಅದಕ್ಕೆ ವಯಸ್ಸಾದ ಮೇಲೆ, ಇಲ್ಲಿನ ನೌಕಾಪಡೆಯೇ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿಸಿ ಮುಳುಗಿಸಿತು. ಜನರಿಂದ ನೆಲ ಕಿತ್ತುಕೊಂಡವರು ಹೆಸರನ್ನೂ ಎತ್ತಿಕೊಂಡರು, ಒಬ್ಬರನ್ನಾದರೂ ಕೇಳಿದರೇ ಎಂದು ಗುಡುಗಿ ಪ್ರಬಂಧ ಮುಗಿಸಿದ್ದೆ. ಕ್ಲಾಸಿನಲ್ಲಿ ಓದಿದಾಗ ಮೊದಲು ಚಪ್ಪಾಳೆ ತಟ್ಟಿದವಳು ಸಹಪಾಠಿ ಪಾಲೀನ್. ಅವಳು ಅದೇ ಹ್ಯೂರಾನ್ ಜನಾಂಗದವಳು.

ನಮ್ಮ ಕನ್ನಡದವರ ಬೇಸಿಗೆ ಪಿಕ್‌ನಿಕ್ಕಿನಲ್ಲಿ ನನಗೊಂದು ಸನ್ಮಾನ, ಡಿಗ್ರಿಯ ಪ್ರಮಾಣಪತ್ರವನ್ನು ವಾಸುಮಾವನ ಕೈಯಿಂದಲೇ ಕೊಡಿಸುವುದು ಎಂದು ತೀರ್ಮಾನವಾಯಿತು. ಮಾವ ಮಾತಿಗೆ ತಪ್ಪಲಿಲ್ಲ. ಲುಂಗಿ ಉಟ್ಟು ಬಸ್ಸು ಬದಲಿಸಿ ಬದಲಿಸಿ ಮಿಸಿಸಾಗಕ್ಕೆ ಬಂದರು. ನನ್ನ ಗೆಲುವನ್ನು ನೋಡಲೆಂದು ಪಾಲೀನಳನ್ನೂ ಕರೆದಿದ್ದೆ.

ಪಿಕ್‌ನಿಕ್ಕಿನಲ್ಲಿ ಹಗ್ಗಜಗ್ಗಾಟ ಇರಲೇಬೇಕು. ಸೋತ ತಂಡ ಬಿಸಿಬೇಳೆಬಾತಿನ ತಳ ಹಿಡಿದ ಪಾತ್ರೆ ತಿಕ್ಕಬೇಕು, ಇದು ನಮ್ಮ ಕಾನೂನು. ತಂಡಗಳಿಗೆ ಯಾವಾಗಲೂ ನೇತ್ರಾವತಿ, ಕಾವೇರಿ ಎಂದು ನದಿಗಳ ಹೆಸರು. ನದಿಗಳು ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ನಾನೀಗ ಪದವೀಧರ. ಈ ಸಲ ಈ ನೆಲದ ಹೆಸರೇ ಇರಲಿ ಎಂದು ಕಮಿಟಿಯನ್ನು ಒಪ್ಪಿಸಿ, ಒಂದು ತಂಡಕ್ಕೆ ಹೈಡಾ, ಇನ್ನೊಂದಕ್ಕೆ ಹ್ಯೂರಾನ್ ಎಂದಿಟ್ಟೆ. ಮೈಕು ಹಿಡಿದವನೂ ನಾನೇ. ಇಲ್ಲಿ ಹುಟ್ಟಿದ ಮಕ್ಕಳಿಗೂ ತಿಳಿಯಲಿ ಎಂದು ಎಲ್ಲವನ್ನೂ ಇಂಗ್ಲಿಷಿನಲ್ಲೂ ಕೂಗಿದೆ: ಹ್ಯೂರಾನಿನವರ ಕೈಯಲ್ಲಿ ದಮ್ಮಿಲ್ಲ, ಹ್ಯೂರಾನ್ ಬಿತ್ತು, ಹ್ಯೂರಾನಿನವರೆಲ್ಲ ನಡೆಯಿರಿ ಪಾತ್ರೆ ತೊಳೆಯಲಿಕ್ಕೆ.

ಪಾಲೀನ್ ಊಟದ ತಟ್ಟೆ ಕೆಳಗಿಟ್ಟು ನನ್ನ ಹತ್ತಿರ ಬಂದಳು. ಬೈದಿದ್ದರೆ ಬಚಾವಾಗುತ್ತಿದ್ದೆ. "ನಾವು ನಮ್ಮನ್ನು ವೆಂಡಾಟ್ ಅಂತೀವಿ. ಹ್ಯೂರಾನ್ ಅನ್ನೋದು ಬೇರೆಯವರು ಇಟ್ಟದ್ದು, ನಿನ್ನ ಪ್ರಬಂಧದ ಅಡಿಟಿಪ್ಪಣಿಯಲ್ಲೇ ಇತ್ತಲ್ಲ" ಎಂದು ಮೆಲ್ಲಗೆ ನೆನಪಿಸಿದಳು. ಆಮೇಲೆ, "ಸರಿ, ನಾನು ಯಾವ ತಂಡ ಅಂತ ಗೊತ್ತಾಯ್ತು" ಎಂದು ನೆಟ್ಟಗೆ ನಲ್ಲಿಯ ಕಡೆ ನಡೆದು, ಸೋತವರ ಜೊತೆ ಕುಕ್ಕರಗಾಲಲ್ಲಿ ಕೂತು ಪಾತ್ರೆಗೆ ಕೈ ಹಾಕಿದಳು.

ಅಷ್ಟರಲ್ಲಿ ವೇದಿಕೆಗೆ ನನ್ನ ಹೆಸರು ಕರೆದರು. ಶಾಲು ಹೊದಿಸಿದರು, ಜನ ಚಪ್ಪಾಳೆ ತಟ್ಟಿದರು. ನನ್ನ ಕಿವಿಗೆ ಕೇಳಿಸಿದ್ದು ತಳ ಕೆರೆಯುವ ಸದ್ದೊಂದೇ. ಒಬ್ಬರನ್ನಾದರೂ ಕೇಳಿದರೇ ಎಂದು ಇಡೀ ನೌಕಾಪಡೆಯನ್ನು ದಬಾಯಿಸಿದವನು ನಾನು, ಪಾಲೀನಳನ್ನು ಒಂದು ಮಾತೂ ಕೇಳದೆ ಅವಳ ಜನರ ಹೆಸರೆತ್ತಿಕೊಂಡು ಇಲ್ಲಿ ಬಂದು ನಿಂತಿದ್ದೆ. ವಾಸುಮಾವ ಪ್ರಮಾಣಪತ್ರವನ್ನು ನನ್ನ ಕೈಗಿಟ್ಟರು. ನನ್ನ ಕಣ್ಣು ಎಲ್ಲಿದೆ ಎಂದು ನೋಡಿದರು. ನಡೆದದ್ದೆಲ್ಲ ಅವರೂ ಕಂಡಿದ್ದರು. ಮೈಕನ್ನು ಪಕ್ಕಕ್ಕೆ ಸರಿಸಿ, ಪತ್ರವನ್ನು ಮೆಲ್ಲಗೆ ವಾಪಸು ತೆಗೆದುಕೊಂಡರು.

"ನೀನು ಓದಿದ್ದು ಹೌದು ಮಾರಾಯ, ನಾನು ಸೋತೆ. ಈಗ ಇದು ನನ್ನ ಹತ್ರ ಇರಲಿ, ನೀನು ಹೋಗಿ ಆ ಪಾತ್ರೆ ತೊಳೆ. ಒದ್ದೆ ಕೈಯಲ್ಲಿ ಹಿಡಿದ್ರೆ ಹಾಳಾಗ್ತದೆ."